ಬೆರಳೇ ಪಾಸ್‌ವರ್ಡ್ ಆದಾಗ

ಕಲಬುರಗಿಯ ನಮ್ಮ ಮನೆಯಲ್ಲಿ ಈಗ ಪಾಸ್‌ವರ್ಡ್ ನೆನಪಿಡುವ ತಾಪತ್ರಯವಿಲ್ಲ. ಬೆರಳಿಟ್ಟರೆ ಫೋನ್ ತೆರೀತದ, ಮುಖ ತೋರಿಸಿದರೆ ಬ್ಯಾಂಕಿನ ಆ್ಯಪ್ ತೆರೀತದ. ಛಲೋನೇ ಆಯ್ತು. ಆದರೆ ಎಲ್ಲ ಕಡೆ ಬೆರಳಿನ ಲೆಕ್ಕ ಒಂದೇ ಅಲ್ಲ.

ಫೋನಿಗೆ ಕೊಟ್ಟ ಬೆರಳಿನ ಗುರುತು ಸಾಮಾನ್ಯವಾಗಿ ಆ ಫೋನಿನಲ್ಲೇ ಉಳಿಯುತ್ತದೆ. ಆಧಾರ್ ಯಂತ್ರಕ್ಕೆ ಒತ್ತಿದ್ದು ದೂರದ ಸರ್ವರ್‌ನಲ್ಲಿರುವ ಗುರುತಿನ ಜೊತೆ ತಾಳೆಯಾಗಬೇಕು. ಕಮಲಾಪುರದ ನಮ್ಮ ಚಿಗವ್ವ ಹೊಲದಲ್ಲಿ ಕಳೆ ಕಿತ್ತು ಕಿತ್ತು ಬೆರಳಿನ ಗೆರೆ ಸವೆಸಿಕೊಂಡಾಳ. "ಜಲ್ಮೆಲ್ಲ ದುಡದ ಕೈ ನೋಡವ್ವಾ, ನಾ ನಾನಲ್ಲ ಅಂತದ ಈ ಮಷಿನ್" ಅಂತಾಳೆ. ಇಂಥವರಿಗೆ ಕಣ್ಣಿನ ಪಾಪೆ ಅಥವಾ ಒಟಿಪಿಯ ದಾರಿ ಇರಲೇಬೇಕು.

ಇನ್ನೊಂದು ಭಯವೂ ಇದೆ. ನೋಂದಣಿ ಪತ್ರಗಳಲ್ಲಿದ್ದ ಹೆಬ್ಬೆಟ್ಟಿನ ಗುರುತನ್ನು ನಕಲು ಮಾಡಿ, ಆಧಾರ್ ಮೂಲಕ ಖಾತೆಯ ಹಣ ಎಗರಿಸಿದ ಪ್ರಕರಣಗಳು 2023ರಲ್ಲಿ ನಮ್ಮ ರಾಜ್ಯದಲ್ಲೇ ಬೆಳಕಿಗೆ ಬಂದವು. ಪಾಸ್‌ವರ್ಡ್ ಕಳುವಾದರೆ ಬದಲಿಸಬಹುದು. ಹೆಬ್ಬೆಟ್ಟು ಬದಲಿಸೋದು ಹ್ಯಾಂಗ್ರೀ?

ಅದಕ್ಕೇ ಆಧಾರ್‌ನ ಅಧಿಕೃತ ಆ್ಯಪ್‌ನಲ್ಲಿ ಬಯೋಮೆಟ್ರಿಕ್ ಲಾಕ್ ಹಾಕಿಡಿ. ಅದು ಉಚಿತ. ಆಧಾರ್‌ಗೆ ಮೊಬೈಲ್ ನಂಬರ್ ಜೋಡಣೆಯಾಗಿದ್ದರೆ ಸಾಕು. ಒಂದು ಮಾತು ಮರೀಬ್ಯಾಡ್ರಿ: ಲಾಕ್ ಇದ್ದಾಗ ರೇಷನ್ ಅಂಗಡಿಯಲ್ಲೂ ಹೆಬ್ಬೆಟ್ಟು ನಡೆಯೋದಿಲ್ಲ. ಹೋಗುವ ಮುಂಚೆ ಅನ್‌ಲಾಕ್ ಮಾಡಬೇಕು. ಮನೆಯ ಹಿರಿಯರಿಗೆ ಇದನ್ನು ಬರೇ ಹೇಳಿದರೆ ಸಾಲದು. ಪಕ್ಕದಲ್ಲಿ ಕೂತು ನಾವೇ ಮಾಡಿಕೊಡಬೇಕು.