ಪೌತಿ ಖಾತೆಯಲ್ಲಿ ಹೆಂಡತಿಯ, ಮಗಳ ಹೆಸರೂ ಬರಲಿ: ಕಂದಾಯ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಕಂದಾಯ ಸಚಿವರಿಗೆ,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು.



ಸತ್ತವರ ಹೆಸರಿನಲ್ಲೇ ಉಳಿದುಬಿಟ್ಟಿರುವ ಲಕ್ಷಾಂತರ ಪಹಣಿಗಳನ್ನು ವಾರಸುದಾರರ ಹೆಸರಿಗೆ ಮಾಡಿಕೊಡುವ ಪೌತಿ ಆಂದೋಲನವನ್ನು ತಮ್ಮ ಇಲಾಖೆ ಕೈಗೆತ್ತಿಕೊಂಡಿದೆ. ಎಂದೋ ಆಗಬೇಕಿದ್ದ ಕೆಲಸ. ಅಜ್ಜನ ಹೆಸರಿನ ಪಹಣಿ ಹಿಡಿದು ಮೊಮ್ಮಕ್ಕಳು ನಾಡಕಚೇರಿಗೆ ಅಲೆಯುವ ಪಾಡು ಹಳ್ಳಿಯಲ್ಲಿ ಯಾರಿಗೆ ಗೊತ್ತಿಲ್ಲ? ಆದರೆ ಈ ಕೆಲಸ ನಡೆಯುತ್ತಿರುವಾಗಲೇ ಒಂದು ಮಾತು ಹೇಳಬೇಕಾಗಿದೆ. ಅಪ್ಪನ ಹೆಸರು ಹೋಗಿ ಗಂಡುಮಕ್ಕಳ ಹೆಸರಷ್ಟೇ ಪಹಣಿಯ ಕಾಲಂ 9ರಲ್ಲಿ ಕೂತರೆ, ಆ ಹೊಲದಲ್ಲಿ ದುಡಿಯುವ ಹೆಂಗಸರು ಇನ್ನೊಂದು ತಲೆಮಾರು ದಾಖಲೆಯಿಂದ ಹೊರಗೇ ಉಳಿಯುತ್ತಾರೆ.

ಕಾನೂನಿನ ಕೊರತೆಯಂತೂ ಇಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತಿದ್ದುಪಡಿ ತಂದು, ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಕೊಟ್ಟ ಮೊದಲ ಕೆಲವು ರಾಜ್ಯಗಳಲ್ಲಿ ನಮ್ಮದೂ ಒಂದು. 1994ರಲ್ಲಿ ಅದು ಜಾರಿಗೆ ಬಂದಾಗ ಮದುವೆಯಾದವರನ್ನು ಬಿಟ್ಟಿದ್ದರು. 2005ರ ಕೇಂದ್ರದ ತಿದ್ದುಪಡಿ ಆ ಭೇದವನ್ನೂ ತೆಗೆಯಿತು. ಆ ತಿದ್ದುಪಡಿ ಜಾರಿಗೆ ಬಂದ ದಿನ ತಂದೆ ಬದುಕಿದ್ದರೋ ಇಲ್ಲವೋ ಎಂಬ ಗೊಂದಲಕ್ಕೂ 2020ರ ಆಗಸ್ಟ್‌ನಲ್ಲಿ ವಿನೀತಾ ಶರ್ಮಾ ಪ್ರಕರಣದ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ತೆರೆ ಎಳೆದಿದೆ: ಮಗಳ ಹಕ್ಕು ಹುಟ್ಟಿನಿಂದಲೇ ಬಂದದ್ದು.

ಹಕ್ಕು ಕೈಜಾರುವುದು ಕೋರ್ಟಿನಲ್ಲಲ್ಲ, ಮನೆಯ ಪಡಸಾಲೆಯಲ್ಲಿ. ವಂಶವೃಕ್ಷ ಬರೆಸುವಾಗ ಅಕ್ಕತಂಗಿಯರ ಹೆಸರು ಇರುತ್ತದೆ. ಅದಾದ ಮೇಲೆ ಹಕ್ಕು ಬಿಡುಗಡೆ ಪತ್ರ ಬರುತ್ತದೆ, ಅರಿಶಿನ ಕುಂಕುಮಕ್ಕೆಂದು ಒಂದಿಷ್ಟು ದುಡ್ಡು ಕೈಗಿಡುತ್ತಾರೆ, ಸಹಿ ಬೀಳುತ್ತದೆ. ಪಾಲು ಕೇಳಿದರೆ ಪಂಚಮಿಗೆ ಕರೆಯಲು ಅಣ್ಣ ಬರುವುದಿಲ್ಲ, ಗಂಡನ ಮನೆಯಲ್ಲಿ ಕಷ್ಟ ಬಂದಾಗ ಹೋಗಿ ನಿಲ್ಲಲು ತವರು ಇರುವುದಿಲ್ಲ. ಈ ಹೆದರಿಕೆಯಿಂದ ಹಾಕಿದ ಸಹಿಯನ್ನು ನಾವು ಒಪ್ಪಿಗೆ ಎಂದು ಕರೆಯುತ್ತಿದ್ದೇವೆ. ಇನ್ನು ಗಂಡ ತೀರಿಕೊಂಡವಳ ಸ್ಥಿತಿ. ಜಮೀನು ಮಾವನ ಹೆಸರಿನಲ್ಲೇ ಇರುತ್ತದೆ, ಮೈದುನರು ಭಾಗ ಮಾಡಿಕೊಡುವುದಿಲ್ಲ. ಸಾಲ ತೀರಿಸುವವಳು ಅವಳು, ಬಿತ್ತುವವಳೂ ಅವಳು. ಕೃಷಿ ಕಚೇರಿಯ ಲೆಕ್ಕದಲ್ಲಿ ಮಾತ್ರ ಅವಳು ರೈತಳಲ್ಲ.

ಇದನ್ನು ಹೆಂಗಸರ ಹಕ್ಕಿನ ಪ್ರಶ್ನೆ ಎಂದಷ್ಟೇ ತಾವು ನೋಡಬಾರದು. ಮಣ್ಣಿನ ಪ್ರಶ್ನೆಯೂ ಹೌದು. ನಮ್ಮ ಧಾರವಾಡ ಜಿಲ್ಲೆಯ ಕುಂದಗೋಳ ತಾಲ್ಲೂಕಿನ ತೀರ್ಥ ಗ್ರಾಮದ ಬೀಬಿ ಫಾತಿಮಾ ಸ್ವಸಹಾಯ ಸಂಘಕ್ಕೆ 2025ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ಬಂತು. ಸಿರಿಧಾನ್ಯ ಉಳಿಸಿದ್ದಕ್ಕೆ, ಬೀಜ ಬ್ಯಾಂಕ್ ನಡೆಸಿದ್ದಕ್ಕೆ ಹಳ್ಳಿಯ ಹೆಣ್ಣುಮಕ್ಕಳಿಗೆ ಸಂದ ಗೌರವ ಅದು. ಬಿಟಿ ಹತ್ತಿ, ಗೋವಿನಜೋಳ ಹಬ್ಬಿ ಸಾವೆ, ನವಣೆ ಮೂಲೆ ಸೇರಿದ ಮೇಲೂ ಅವುಗಳ ಬೀಜ ಎಲ್ಲಾದರೂ ಉಳಿದಿದ್ದರೆ ಅದು ಬೇವಿನ ಸೊಪ್ಪು, ಬೂದಿ ಬೆರೆಸಿ ಗಡಿಗೆಯಲ್ಲಿ ಕಾಪಿಟ್ಟ ಅವ್ವಂದಿರಿಂದ. ಅಕ್ಕಡಿ ಸಾಲಿನಲ್ಲಿ ಏನೇನು ಹಾಕಬೇಕು, ಮನೆಗೆ ವರ್ಷಕ್ಕೆಷ್ಟು ಕಾಳು ಬೇಕು, ಎಮ್ಮೆಗೆ ಎಷ್ಟು ಮೇವು ಬೇಕು ಎಂಬ ಲೆಕ್ಕ ಅವರ ತಲೆಯಲ್ಲಿರುತ್ತದೆ. ಆದರೆ ಮೂರು ಎಕರೆಗೂ ಹತ್ತಿ ಹಾಕೋಣ ಎಂದು ಪಹಣಿ ಇದ್ದವನು ಹೇಳಿದರೆ ಆ ಲೆಕ್ಕ ಅಲ್ಲಿಗೆ ಮುಗಿಯಿತು.

ಮಣ್ಣು ಉಳಿಸಲು ಸಾವಯವಕ್ಕೆ ಹೊರಳುವುದೂ ಒಂದು ಹಂಗಾಮಿನ ಮಾತಲ್ಲ. ಪ್ರಮಾಣಪತ್ರ ಬೇಕೆಂದರೆ ವಾರ್ಷಿಕ ಬೆಳೆಗೆ ಎರಡು ವರ್ಷ, ಬಹುವಾರ್ಷಿಕ ಬೆಳೆಗೆ ಮೂರು ವರ್ಷ ಪರಿವರ್ತನೆಯ ಅವಧಿ ಕಳೆಯಬೇಕು. ಆ ನಡುವೆ ಇಳುವರಿ ಕುಗ್ಗಬಹುದು. ಬದುವಿಗೆ ಹಾಕಿದ ಗಿಡ ನೆರಳು ಕೊಡಲು ಅದಕ್ಕಿಂತ ಹೆಚ್ಚು ಕಾಲ ಬೇಕು. ನಾಳೆ ಹೊಲ ತನ್ನ ಕೈಯಲ್ಲಿರುತ್ತದೋ ಇಲ್ಲವೋ ತಿಳಿಯದವಳು ಅಷ್ಟು ವರ್ಷ ಕಾಯುವುದು ಹೇಗೆ? ಜಮೀನಿಲ್ಲದ ಹೆಂಗಸರು ಲಾವಣಿಗೆ ಹಾಕಿಕೊಳ್ಳುವುದೂ ಬಾಯಿಮಾತಿನ ಮೇಲೆಯೇ, ಏಕೆಂದರೆ 1974ರ ಭೂಸುಧಾರಣೆಯ ನಂತರ ಗೇಣಿ ಕೊಡುವುದಕ್ಕೆ ಕಾಗದದ ದಾರಿ ಇಲ್ಲ. ಗೊಬ್ಬರ ಹೊತ್ತು, ಕಲ್ಲು ಆರಿಸಿ ನೆಲ ಹದಕ್ಕೆ ತಂದ ಮೇಲೆ ಮಾಲೀಕ ವಾಪಸು ಕೇಳಿದರೆ ಬಿಟ್ಟು ಏಳಬೇಕು. ಕೃಷಿ ಹೊಂಡದ ಸಹಾಯಧನ, ರೈತ ಸಿರಿಯ ಪ್ರೋತ್ಸಾಹಧನ, ಪಿಎಂ ಕಿಸಾನ್‌ನ ವರ್ಷದ 6,000 ರೂಪಾಯಿ, ಎಲ್ಲದಕ್ಕೂ ಮೊದಲು ಕೇಳುವುದು ಪಹಣಿ. 2015-16ರ ಕೃಷಿ ಗಣತಿಯ ಪ್ರಕಾರ ದೇಶದ ಸಾಗುವಳಿ ಹಿಡುವಳಿಗಳಲ್ಲಿ ಹೆಂಗಸರ ಕೈಯಲ್ಲಿದ್ದದ್ದು ನೂರಕ್ಕೆ ಸುಮಾರು 14 ಮಾತ್ರ.

ಸರ್ಕಾರಕ್ಕೆ ಇದು ಹೊಸ ದಾರಿಯೇನಲ್ಲ. 2013ರ ಆಹಾರ ಭದ್ರತಾ ಕಾಯ್ದೆಯಂತೆ ಪಡಿತರ ಚೀಟಿಗೆ ಮನೆಯ ಹಿರಿಯ ಹೆಂಗಸೇ ಯಜಮಾನಿ. ಗೃಹಲಕ್ಷ್ಮಿಯ 2,000 ರೂಪಾಯಿ ಬರುವುದು ಅವಳ ಖಾತೆಗೆ. ಭೂ ಒಡೆತನ ಯೋಜನೆಯಲ್ಲಿ ಪರಿಶಿಷ್ಟ ಸಮುದಾಯದ ಭೂಹೀನ ಕುಟುಂಬಕ್ಕೆ ಕೊಡಿಸುವ ಜಮೀನು ನೋಂದಣಿಯಾಗುವುದು ಮಹಿಳೆಯ ಹೆಸರಿಗೆ. 2006ರ ಅರಣ್ಯ ಹಕ್ಕು ಕಾಯ್ದೆಯ 4(4)ನೇ ಕಲಂ ಪ್ರಕಾರ ವಿವಾಹಿತರಿಗೆ ಹಕ್ಕುಪತ್ರವನ್ನು ಗಂಡ ಹೆಂಡತಿ ಇಬ್ಬರ ಹೆಸರಿನಲ್ಲೂ ಕೊಡಲೇಬೇಕು. ಕಾಡಂಚಿನ ತುಂಡು ನೆಲಕ್ಕೆ ಇರುವ ಈ ನಿಯಮ ಬಗರ್ ಹುಕುಂ ಸಾಗುವಳಿ ಚೀಟಿಗೂ ಬರಬೇಕು.

ಪೌತಿಯ ವಿಷಯದಲ್ಲಿ ನನ್ನ ಮೊದಲ ಬೇಡಿಕೆ, ಹೆಂಡತಿ, ತಾಯಿ ಮತ್ತು ಹೆಣ್ಣುಮಕ್ಕಳ ಹೆಸರು ತಾನಾಗಿಯೇ ಜಂಟಿ ಖಾತೆಗೆ ಸೇರಲಿ. ಯಾರಾದರೂ ಹಕ್ಕು ಬಿಡುವುದಿದ್ದರೆ ಅದು ಖಾತೆಯಾದ ಮೇಲಿನ ಮಾತು. ಅದಕ್ಕೂ ಕೆಲವು ತಿಂಗಳ ಅಂತರವಿರಲಿ. ಸಹಿಗೆ ಮೊದಲು ಮಹಿಳಾ ಅಧಿಕಾರಿಯೊಬ್ಬರು ಅವಳನ್ನು ಮನೆಯವರಿಂದ ಬೇರೆ ಕೂರಿಸಿಕೊಂಡು, ಅವಳ ಪಾಲು ಎಷ್ಟು ಗುಂಟೆ, ಬಿಟ್ಟರೆ ಏನಾಗುತ್ತದೆ ಎಂದು ಅವಳಿಗೆ ತಿಳಿಯುವ ಮಾತಿನಲ್ಲಿ ಹೇಳಲಿ. ಬದುಕಿರುವ ಗಂಡ ತಾನಾಗಿಯೇ ಹೆಂಡತಿಯ ಹೆಸರು ಸೇರಿಸಲು ಬಂದರೆ ಮುದ್ರಾಂಕ ಶುಲ್ಕ, ನೋಂದಣಿ ಶುಲ್ಕ ಎರಡನ್ನೂ ಮನ್ನಾ ಮಾಡಿ. ಹೆಸರು ಸೇರುವವರೆಗೂ ಕಾಯಲಾಗದವರು ಬಹಳ ಜನ ಇದ್ದಾರೆ. ಅವರ ಸಾಗುವಳಿಯನ್ನು ಗ್ರಾಮಸಭೆ ದೃಢೀಕರಿಸಿದರೆ ಸಾಕು, ಫ್ರೂಟ್ಸ್ ತಂತ್ರಾಂಶದಲ್ಲಿ ರೈತ ಗುರುತಿನ ಸಂಖ್ಯೆ ಸಿಗುವಂತೆ ಕೃಷಿ ಇಲಾಖೆಯೊಂದಿಗೆ ಮಾತಾಡಿ.

2026 ಅನ್ನು ವಿಶ್ವಸಂಸ್ಥೆ ಮಹಿಳಾ ರೈತರ ಅಂತರರಾಷ್ಟ್ರೀಯ ವರ್ಷವೆಂದು ಘೋಷಿಸಿದೆ. ಸಮಾವೇಶ, ಸನ್ಮಾನಗಳಿಗೆ ಖರ್ಚು ಮಾಡುವ ಮೊದಲು, ಪೌತಿ ಆಂದೋಲನದಲ್ಲಿ ಆದ ಖಾತೆಗಳ ಪೈಕಿ ಎಷ್ಟರಲ್ಲಿ ಹೆಂಗಸರ ಹೆಸರು ಸೇರಿದೆ, ಎಷ್ಟು ಮಂದಿ ಹಕ್ಕು ಬಿಟ್ಟಿದ್ದಾರೆ ಎಂಬ ಲೆಕ್ಕವನ್ನು ತಾಲ್ಲೂಕುವಾರು ಪ್ರಕಟಿಸಿ. ಮೊದಲ ಪಟ್ಟಿ ಮುಂಗಾರು ಬಿತ್ತನೆಗೆ ಮುಂಚೆಯೇ ಪ್ರತಿ ಗ್ರಾಮ ಪಂಚಾಯಿತಿಯ ಸೂಚನಾ ಫಲಕಕ್ಕೆ ಬರಲಿ.

ಇಂತು ತಮ್ಮ ವಿಶ್ವಾಸಿ,
ಧಾರವಾಡ ಜಿಲ್ಲೆಯ ಒಬ್ಬ ರೈತ ಮಹಿಳೆ