ಹೆಸರು ಬಿತ್ತೋ ಮುಂಚೆ ನೂರು ಕಾಳು ಎಣಿಸಿ

ಕೆ.ಆರ್.ಪುರಂ ಸಂತೆಯಿಂದ ತಂದ ಹೆಸರುಕಾಳು ರಾತ್ರಿ ನೆನೆಸಿ ಬಟ್ಟೆಲಿ ಕಟ್ಟಿದ್ರೆ ಒಂದೆರಡು ದಿನದಲ್ಲಿ ಮೊಳಕೆ ಬರುತ್ತೆ. ಹಾಗಾದ್ರೆ ಅದನ್ನೇ ಹೊಲಕ್ಕೆ ಹಾಕಬಹುದಲ್ವಾ? ನಾನಂತೂ ಬೇಡ ಅಂತೀನಿ. ಕಾಳು ಸತ್ತಿದೆ ಅಂತಲ್ಲ. ಯಾವ ತಳಿ, ಎಷ್ಟು ತಳಿಗಳ ಬೆರಕೆ, ಎಷ್ಟು ಹಳೇದು ಅನ್ನೋದು ಅಂಗಡಿಯವನಿಗೂ ಗೊತ್ತಿರಲ್ಲ. ಬೆರಕೆ ಆದ್ರೆ ಕಾಯಿ ಒಟ್ಟಿಗೆ ಮಾಗಲ್ಲ, ಬಿಡಿಸೋ ಕೂಲಿ ಹೆಚ್ಚುತ್ತೆ.

ಪ್ರತಿವರ್ಷ ಬೀಜ ಕೊಳ್ಳಿ ಅಂತಲೂ ಹೇಳ್ತಿಲ್ಲ. ಹೆಸರು ಸ್ವಕೀಯ ಪರಾಗಸ್ಪರ್ಶದ ಬೆಳೆ. ಒಳ್ಳೆ ತಳಿ ಒಮ್ಮೆ ತಂದ್ರೆ ಎರಡು ಮೂರು ವರ್ಷ ನಿಮ್ಮದೇ ಬೀಜ ನಡೆಯುತ್ತೆ, ಹುಳ ಬೀಳದ ಹಾಗೆ ಒಣಗಿಸಿ ಇಟ್ಟರೆ.

ಆದ್ರೆ ಪರೀಕ್ಷೆ ಮಾಡಿ. ಒದ್ದೆ ಗೋಣಿಚೀಲದಲ್ಲಿ 100 ಕಾಳು ಸುತ್ತಿಡಿ, ಏಳನೇ ದಿನ ಎಣಿಸಿ. ಪ್ರಮಾಣಿತ ಬೀಜಕ್ಕೆ ಕನಿಷ್ಠ ಶೇ. 75 ಮೊಳಕೆ ಇರಬೇಕು. ಬರೀ ಬೇರು ಬಂದ್ರೆ ಸಾಲದು. ಕಡಲೆ ಬೇಳೆ ಮಣ್ಣೊಳಗೇ ಉಳಿಯುತ್ತೆ, ಹೆಸರು ಹಾಗಲ್ಲ, ಎರಡೂ ಬೇಳೆ ಹೊತ್ಕೊಂಡೇ ಮೇಲೇಳಬೇಕು. ಬಿತ್ತಿದ್ಮೇಲೆ ಜೋರು ಮಳೆ ಬಂದು ನಮ್ಮ ಕೆಂಪುಮಣ್ಣು ಹೆಪ್ಪುಗಟ್ಟಿದ್ರೆ ಕುತ್ತಿಗೆ ಮುರಿಯೋದು ಅಲ್ಲೇ. ಆಳ 4-5 ಸೆಂ.ಮೀ. ಸಾಕು.

ಮೇ ಮಳೆಗೆ ಬಿತ್ತಿ, 65-70 ದಿನಕ್ಕೆ ಕೊಯ್ದು, ರಾಗಿಗೆ ಹೊಲ ಬಿಡಬೇಕಾದವನಿಗೆ ಮತ್ತೆ ಬಿತ್ತೋಕೆ ಟೈಮೆಲ್ಲಿದೆ?