ಕೋರ್ಟು ಶುಲ್ಕ ಕಟ್ಟಲಾಗದವಳಿಗೆ ನ್ಯಾಯವಿಲ್ಲವೇ?



ವರದಕ್ಷಿಣೆಯ ಹಿಂಸೆ ತಾಳಲಾರದೆ ಉಟ್ಟ ಸೀರೆಯಲ್ಲೇ ಗಂಡನ ಮನೆಯಿಂದ ಹೊರಬಿದ್ದವಳು ತನ್ನ ಒಡವೆ, ಪಾತ್ರೆ, ತವರಿನವರು ಕೊಟ್ಟ ಹಣ ವಾಪಸು ಬೇಕೆಂದು ಸಿವಿಲ್ ಕೋರ್ಟಿಗೆ ಹೋದರೆ ಮೊದಲು ಕೇಳಿಸುವ ಮಾತು: "ಶುಲ್ಕ ತಂದಿದ್ದೀಯೇನಮ್ಮಾ?" ಇಂಥ ದಾವೆಗಳಲ್ಲಿ ಶುಲ್ಕ ಸಾಮಾನ್ಯವಾಗಿ ಕೇಳಿದ ವಸ್ತುವಿನ ಬೆಲೆಗೆ ತಕ್ಕಂತೆ ಏರುತ್ತದೆ. ಅಂದರೆ ಹೆಚ್ಚು ಕಳೆದುಕೊಂಡವಳು ಹೆಚ್ಚು ಕಟ್ಟಬೇಕು! ಎಷ್ಟೋ ಹೆಣ್ಣುಮಕ್ಕಳು ಇಲ್ಲಿಂದಲೇ ಹಿಂದಿರುಗುತ್ತಾರೆ.

ಹಿಂದಿರುಗಬೇಕಾಗಿಲ್ಲ. ಶುಲ್ಕ ಕಟ್ಟುವ ಶಕ್ತಿ ಇಲ್ಲದವರು ಶುಲ್ಕವಿಲ್ಲದೆ ದಾವೆ ಹೂಡಲು ಅನುಮತಿ ಕೇಳಬಹುದೆಂದು 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 33ನೇ ಆದೇಶ ಹೇಳುತ್ತದೆ. ಹಿಂದೆ ಇದನ್ನು 'ಪಾಪರ್' ದಾವೆ ಎನ್ನುತ್ತಿದ್ದರು. 1976ರ ತಿದ್ದುಪಡಿ ಆ ಅವಮಾನದ ಪದವನ್ನು ತೆಗೆದು 'ನಿರ್ಗತಿಕ ವ್ಯಕ್ತಿ' ಎಂದಿತು. ಕಾನೂನಿನಲ್ಲಿ ಪದ ಬದಲಾಯಿತು. ನಮ್ಮ ನಾಚಿಕೆ ಮಾತ್ರ ಇನ್ನೂ ಹೋಗಿಲ್ಲ.

ಆದರೆ ಬಡತನವನ್ನು ಅಳೆಯುವುದು ಹೇಗೆ? ಎದುರು ಪಕ್ಷದವರು ಹೇಳುವುದುಂಟು: "ಇವಳಿಗೆ ಮದುವೆಯಲ್ಲಿ ಅಷ್ಟು ಬಂಗಾರ ಹಾಕಿದ್ದಾರೆ, ಇವಳು ಹೇಗೆ ಬಡವಳು?" ಆ ಬಂಗಾರ ಇರುವುದು ಅವರದೇ ಬೀರುವಿನಲ್ಲಿ! ಇದಕ್ಕೆ ಉತ್ತರ ಆ ಆದೇಶದ ಮೊದಲ ನಿಯಮದಲ್ಲೇ ಇದೆ. ಯಾವ ಆಸ್ತಿಗಾಗಿ ದಾವೆ ಹೂಡಿದ್ದೇವೆಯೋ ಆ ಆಸ್ತಿಯನ್ನು ನಮ್ಮ ಅನುಕೂಲದ ಲೆಕ್ಕಕ್ಕೆ ಸೇರಿಸುವಂತಿಲ್ಲ. ಜಪ್ತಿ ಮಾಡಬಾರದ ವಸ್ತುಗಳನ್ನೂ ಸೇರಿಸುವಂತಿಲ್ಲ. ಅಗತ್ಯದ ಬಟ್ಟೆಬರೆ, ಅಡಿಗೆ ಪಾತ್ರೆ, ಹಾಸಿಗೆ, ಕುಶಲಕರ್ಮಿಯ ಉಪಕರಣ, ಧರ್ಮದ ರೂಢಿಯಂತೆ ಹೆಣ್ಣು ಮೈಮೇಲಿಂದ ತೆಗೆಯಬಾರದ ಒಡವೆ ಇವೆಲ್ಲ ಅದರಲ್ಲಿ ಬರುತ್ತವೆ. ತಾಳಿ ಮಾರಿ ಶುಲ್ಕ ಕಟ್ಟು ಎಂದು ಕಾನೂನು ಹೇಳುವುದಿಲ್ಲ.

ಅರ್ಜಿಯ ಜೊತೆ ನಮಗಿರುವ ಎಲ್ಲ ಆಸ್ತಿಯ ಪಟ್ಟಿಯನ್ನು ಅಂದಾಜು ಬೆಲೆಯೊಂದಿಗೆ ಬರೆದು ಸಹಿ ಮಾಡಬೇಕು. ಸಾಮಾನ್ಯವಾಗಿ ಅರ್ಜಿದಾರಳೇ ಹಾಜರಾಗಿ ಅರ್ಜಿ ಕೊಡಬೇಕು. ಕೋರ್ಟು ವಿಚಾರಣೆ ಮಾಡುತ್ತದೆ, ಎದುರು ಪಕ್ಷಕ್ಕೂ ಸರ್ಕಾರಿ ವಕೀಲರಿಗೂ ನೋಟೀಸು ಕೊಡುತ್ತದೆ. ಆದ್ದರಿಂದ ಏನನ್ನೂ ಮುಚ್ಚಿಡಬೇಡಿ. ಸಂಘದಲ್ಲಿರುವ ಉಳಿತಾಯವನ್ನೂ ಬರೆಯಿರಿ, ತಲೆಯ ಮೇಲಿರುವ ಸಾಲವನ್ನೂ ತಿಳಿಸಿ. ಅನುಮತಿಗಾಗಿಯೇ ಅರ್ಜಿಗೆ ಮುಂಚಿನ ಎರಡು ತಿಂಗಳೊಳಗೆ ಮೋಸದಿಂದ ಆಸ್ತಿ ಪರಭಾರೆ ಮಾಡಿದ್ದರೆ ಅರ್ಜಿ ವಜಾ ಆಗುತ್ತದೆ. ಅರ್ಜಿ ತಿರಸ್ಕಾರವಾದರೂ ಶುಲ್ಕ ಕಟ್ಟಲು ಕಾಲಾವಕಾಶ ಕೊಡುವ ಅಧಿಕಾರ ಕೋರ್ಟಿಗಿದೆ. ಅದನ್ನು ಕೇಳಲು ಮರೆಯಬೇಡಿ.

ಒಂದು ಮಾತು ಸ್ಪಷ್ಟವಾಗಿರಲಿ. ಇದು ಶುಲ್ಕದ ಪೂರ್ಣ ಮನ್ನಾ ಅಲ್ಲ. ಗೆದ್ದರೆ, ಕೋರ್ಟು ಯಾರು ಕೊಡಬೇಕೆಂದು ಹೇಳುತ್ತದೆಯೋ ಅವರಿಂದ ಸರ್ಕಾರ ವಸೂಲು ಮಾಡುತ್ತದೆ. ಗೆದ್ದ ಆಸ್ತಿಯ ಮೇಲೂ ಆ ಬಾಕಿಯ ಹಕ್ಕು ಇರುತ್ತದೆ. ಸೋತರೆ ನಾವೇ ಕಟ್ಟಬೇಕಾಗುತ್ತದೆ. ಆದರೆ ಬಾಗಿಲಲ್ಲೇ ತಡೆಯುವಂತಿಲ್ಲ.

ಇನ್ನೊಂದು ದಾರಿಯೂ ಇದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮದ 12ನೇ ಕಲಮಿನಂತೆ ಎಲ್ಲ ಮಹಿಳೆಯರೂ ಉಚಿತ ಕಾನೂನು ನೆರವಿಗೆ ಅರ್ಹರು. ಅವರ ಆದಾಯ ಎಷ್ಟೆಂಬ ಪ್ರಶ್ನೆ ಬರುವುದಿಲ್ಲ. ಪ್ರಕರಣದಲ್ಲಿ ಮೇಲ್ನೋಟಕ್ಕೆ ಹುರುಳಿದ್ದರೆ ಸಾಕು. ಈ ನೆರವಿನಲ್ಲಿ ವಕೀಲರಷ್ಟೇ ಅಲ್ಲ, ಕೋರ್ಟು ಶುಲ್ಕವೂ ಸೇರುತ್ತದೆ. ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಡಿ, ಅಥವಾ 15100ಕ್ಕೆ ಫೋನ್ ಮಾಡಿ. 2005ರ ಕೌಟುಂಬಿಕ ಹಿಂಸೆ ಕಾಯಿದೆಯಡಿ ಈ ನೆರವು ದೊರಕಿಸುವುದು ಸಂರಕ್ಷಣಾಧಿಕಾರಿಯ ಕರ್ತವ್ಯವೂ ಹೌದು.

ಸಂಘಗಳು ಮಾಡಬೇಕಾದ ಕೆಲಸ ಇಲ್ಲಿದೆ. ನೊಂದ ಸದಸ್ಯೆ ಕೋರ್ಟು ಶುಲ್ಕಕ್ಕೆ ಸಾಲ ಕೇಳಿದಾಗ, ಸಾಲದ ಪುಸ್ತಕ ತೆರೆಯುವ ಮೊದಲು ಅವಳ ಅರ್ಜಿ ಬರೆಯಿಸೋಣ. ಆಸ್ತಿಪಟ್ಟಿ ಮಾಡಲು ಜೊತೆಗೆ ಕೂರೋಣ. ಅರ್ಜಿ ಕೊಡುವ ದಿನ ಇಬ್ಬರಾದರೂ ಅವಳೊಂದಿಗೆ ಹೋಗೋಣ.

ಬಡತನವನ್ನು ಹೇಳಿಕೊಳ್ಳುವುದು ಭಿಕ್ಷೆ ಬೇಡಿದಂತಲ್ಲ. ಹೆಣ್ಣಿನ ಒಡವೆ ಕಿತ್ತುಕೊಂಡು ಅವಳನ್ನು ಬರಿಗೈಯಲ್ಲಿ ಅಟ್ಟಿದವರು ನಾಚಬೇಕು. ನಾವೇಕೆ ನಾಚಬೇಕು?